ದೀಪ ಉರಿಯುತ್ತೆ, ಆದರೆ ಲ್ಯಾಪ್‌ಟಾಪ್‌ಗೆ ಕಾಣಿಸಲ್ಲ

ಕಣ್ಣು ಕಾಣದ ಮಕ್ಕಳಿಗೆ ನಾನು ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಿ ಕೊಡುತ್ತೇನೆ. ಈಗ ನಡೆಯುತ್ತಿರುವುದು ದ್ವಿತೀಯ ಪಿಯುಸಿಯ ಇತಿಹಾಸ. ಒಳಕೋಣೆಯಲ್ಲಿ ಒಂದು ಕಂಡೆನ್ಸರ್ ಮೈಕ್, ಮೈಕ್‌ನ ದನಿಯನ್ನು ಯುಎಸ್‌ಬಿ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಮುಟ್ಟಿಸುವ ಒಂದು ಆಡಿಯೋ ಇಂಟರ್‌ಫೇಸ್ ಡಬ್ಬಿ, ಒಂದು ಲ್ಯಾಪ್‌ಟಾಪ್. ಇಷ್ಟರಲ್ಲೇ ಕೆಲಸ ಆಗುತ್ತೆ. ಹೋದ ವಾರ ಹೊಸ ಲ್ಯಾಪ್‌ಟಾಪ್ ಬಂತು. ಇಂಟರ್‌ಫೇಸ್ ಸಿಗಿಸಿದೆ. ದೀಪ ಹತ್ತಿತು. ಲ್ಯಾಪ್‌ಟಾಪ್ ಮಾತ್ರ ಅಂಥದ್ದೊಂದು ಇದೆ ಅಂತಲೇ ತೋರಿಸಲಿಲ್ಲ.

ಅದೇ ಹೊತ್ತಿಗೆ ಹುಡುಗಿಯೊಬ್ಬಳ ಫೋನ್. "ಮೇಡಂ, ಮುಂದಿನ ಪಾಠ ಯಾವಾಗ ಕಳಿಸ್ತೀರಾ? ಸೋಮವಾರ ಟೆಸ್ಟ್ ಇದೆ."

"ಶನಿವಾರದೊಳಗೆ ಕಳಿಸ್ತೀನಿ ಕಣಮ್ಮ."

ಇಂಥ ಸಮಯದಲ್ಲಿ ಯಾರನ್ನೇ ಕೇಳಿ, ಡ್ರೈವರ್ (ಸಾಧನದ ಜೊತೆ ಮಾತಾಡಲು ಕಂಪ್ಯೂಟರ್‌ಗೆ ಬೇಕಾದ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿ ಅಂತಾರೆ. ನನಗೆ ಈ ಸಲಹೆ ಒಪ್ಪಿಗೆಯಿಲ್ಲ. ಡ್ರೈವರ್ ವಿಷಯ ಬರುವುದು ಆಮೇಲೆ. ಯುಎಸ್‌ಬಿಯಲ್ಲಿ ಏನೋ ಒಂದು ಬಂದು ಸೇರಿದೆ ಅಂತ ಕಂಪ್ಯೂಟರ್‌ಗೆ ಗೊತ್ತಾಗಿದೆಯಾ? ಮೊದಲು ನೋಡಬೇಕಾದ್ದು ಇಷ್ಟೇ.

ನೋಡುವುದು ಸುಲಭ. ವಿಂಡೋಸ್‌ನಲ್ಲಿ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದಿಟ್ಟುಕೊಳ್ಳಿ. ಕೇಬಲ್ ಎಳೆಯಿರಿ, ಮತ್ತೆ ಹಾಕಿ. ಏನೋ ಸೇರಿತು ಅಂತ ಗೊತ್ತಾದರೆ ಇಡೀ ಪಟ್ಟಿ ಒಮ್ಮೆ ಮಿನುಗಿ ಹೊಸದಾಗಿ ಮೂಡುತ್ತೆ. ಹೆಸರು ತಪ್ಪಿರಬಹುದು, ಪಕ್ಕದಲ್ಲಿ ಹಳದಿ ಗುರುತು ಇರಬಹುದು, ಪರವಾಗಿಲ್ಲ. ಪಟ್ಟಿ ಅಲುಗಾಡಲೇ ಇಲ್ಲ ಅಂದರೆ ಡ್ರೈವರ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ದಂಡ.

ನನ್ನ ಪಟ್ಟಿ ಅಲುಗಾಡಲಿಲ್ಲ. ಮೊದಲ ಅನುಮಾನ ಕೇಬಲ್ ಮೇಲೆ. ಸಾಮಾನ್ಯ ಯುಎಸ್‌ಬಿ 2.0 ಕೇಬಲ್ ಒಳಗೆ ನಾಲ್ಕು ತಂತಿ ಇರುತ್ತವೆ. ಕೆಂಪು, ಕಪ್ಪು ಎರಡೂ ಕರೆಂಟ್‌ಗೆ. ಬಿಳಿ, ಹಸಿರು ಎರಡೂ ಡೇಟಾಗೆ. ಕೆಲವು ಅಗ್ಗದ ಚಾರ್ಜಿಂಗ್ ಕೇಬಲ್‌ಗಳಲ್ಲಿ ಆ ಬಿಳಿ, ಹಸಿರು ತಂತಿ ಇರುವುದೇ ಇಲ್ಲ. ಹೊರಗಿಂದ ನೋಡಿದರೆ ವ್ಯತ್ಯಾಸ ತಿಳಿಯಲ್ಲ. ದೀಪ ಚೆನ್ನಾಗಿಯೇ ಉರಿಯುತ್ತೆ, ಮಾತುಕತೆ ಮಾತ್ರ ನಡೆಯಲ್ಲ. ಅನುಮಾನ ಇದ್ದರೆ ಅದೇ ಕೇಬಲ್‌ನಲ್ಲಿ ಫೋನನ್ನು ಲ್ಯಾಪ್‌ಟಾಪ್‌ಗೆ ಸಿಗಿಸಿ ಒಂದು ಫೋಟೋ ಕಾಪಿ ಮಾಡಿ ನೋಡಿ. ಚಾರ್ಜ್ ಆಗುತ್ತಾ ಫೈಲ್ ಮಾತ್ರ ಕಾಣಿಸದಿದ್ದರೆ ಕೇಬಲ್ ಮೇಲಿನ ಅನುಮಾನ ಗಟ್ಟಿಯಾಯಿತು. ಮೇಜಿನ ಮೇಲಿದ್ದ ನನ್ನ ಕೇಬಲ್ ಬ್ಲೂಟೂತ್ ಸ್ಪೀಕರ್ ಜೊತೆ ಬಂದಿದ್ದು. ಬೇರೆಯದು ಹಾಕಿದೆ, ತಕ್ಷಣ ಪಟ್ಟಿಯಲ್ಲಿ ಹೆಸರು ಬಂತು.

ಅಲ್ಲಿಗೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಮೈಕ್‌ಗೆ ಕರೆಂಟ್ ಕೊಡಲು ಇಂಟರ್‌ಫೇಸ್ ಮೇಲಿನ 48 ವೋಲ್ಟ್ ಗುಂಡಿ ಒತ್ತಿದೆ. ಹೆಸರು ಮಾಯ. ಗುಂಡಿ ಬಿಟ್ಟು ಕೇಬಲ್ ಎಳೆದು ಹಾಕಿದರೆ ಮತ್ತೆ ಬರುತ್ತೆ. ಗುಂಡಿ ಒತ್ತಿದರೆ ಮತ್ತೆ ಹೋಗುತ್ತೆ. ಇಡೀ ಪ್ರಕರಣದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದೇ. ಕಾರಣ ಬರೀ ಲೆಕ್ಕದಲ್ಲಿತ್ತು.

ಕಂಡೆನ್ಸರ್ ಮೈಕ್‌ಗೆ ಬೇಕಾದ 48 ವೋಲ್ಟ್ ಎಲ್ಲಿಂದ ಬರಬೇಕು? ಯುಎಸ್‌ಬಿ ಕೊಡುವುದು 5 ವೋಲ್ಟ್. ಇಂಟರ್‌ಫೇಸ್ ಒಳಗಿನ ಸರ್ಕ್ಯೂಟ್ ಅದನ್ನೇ 48ಕ್ಕೆ ಏರಿಸುತ್ತೆ. ಒಂದು ಮೈಕ್‌ಗೆ ಹೆಚ್ಚೆಂದರೆ 10 ಮಿಲಿಆಂಪ್ ಅಂತ ಇಟ್ಟುಕೊಂಡರೂ, 5 ವೋಲ್ಟ್ ಕಡೆಯಿಂದ ಸುಮಾರು 100 ಮಿಲಿಆಂಪ್ ಎಳೆಯಬೇಕಾಗುತ್ತೆ. ಏರಿಸುವಾಗ ಆಗುವ ನಷ್ಟ ಸೇರಿದರೆ ಇನ್ನೂ ಜಾಸ್ತಿ. ನಿಯಮದ ಪ್ರಕಾರ ಯುಎಸ್‌ಬಿ 2.0 ಪೋರ್ಟ್‌ನಿಂದ 500 ಮಿಲಿಆಂಪ್, 3.0 ಪೋರ್ಟ್‌ನಿಂದ 900 ಮಿಲಿಆಂಪ್ ತೆಗೆದುಕೊಳ್ಳಬಹುದು. ಹೊಸ ಲ್ಯಾಪ್‌ಟಾಪ್‌ನಲ್ಲಿ ಪೋರ್ಟ್ ಕಡಿಮೆ ಅಂತ ನಾನು ಒಂದೇ ಪೋರ್ಟನ್ನು ಹಲವು ಮಾಡುವ ಹಬ್ ಹಾಕಿದ್ದೆ. ಅದರಲ್ಲೇ ಹಾರ್ಡ್ ಡಿಸ್ಕ್, ಮೌಸ್, ಇಂಟರ್‌ಫೇಸ್, ಎಲ್ಲ. ಹಬ್‌ಗೆ ಸ್ವಂತ ಅಡಾಪ್ಟರ್ ಇಲ್ಲ. ತಿರುಗುವ ಹಾರ್ಡ್ ಡಿಸ್ಕ್ ಒಂದೇ ದೊಡ್ಡ ಪಾಲು ತಿನ್ನುತ್ತೆ. ಮಿಕ್ಸಿ ಹಾಕಿದಾಗ ಬಲ್ಬ್ ಮಂಕಾಗುತ್ತಲ್ವಾ, ಹಾಗೆ ಗುಂಡಿ ಒತ್ತಿದೊಡನೆ ವೋಲ್ಟೇಜ್ ಕುಸಿದು ಇಂಟರ್‌ಫೇಸ್ ಬಿದ್ದುಹೋಗುತ್ತಿತ್ತು. ಅದನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಸಿಗಿಸಿ, ಹಾರ್ಡ್ ಡಿಸ್ಕನ್ನು ಮಾತ್ರ ಹಬ್‌ಗೆ ಬಿಟ್ಟೆ. ಆಮೇಲೆ ಒಮ್ಮೆಯೂ ಮಾಯವಾಗಿಲ್ಲ.

"ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್" ಅಂತ ಬಂದರೂ ಹೆಚ್ಚಾಗಿ ಇದೇ ದಾರಿಯಲ್ಲಿ ಹುಡುಕಿ. ನೀನು ಯಾರು ಅಂತ ಕಂಪ್ಯೂಟರ್ ಕೇಳಿದೆ, ಸರಿಯಾದ ಉತ್ತರ ಬಂದಿಲ್ಲ, ಅಷ್ಟೇ ಅದರ ಅರ್ಥ. ಕೇಬಲ್, ಪೋರ್ಟ್, ಕರೆಂಟ್ ಮೂರನ್ನೂ ನೋಡಿ.

ಇನ್ನು ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಒಂದು ಮಾತು. ಅದು ತೆರೆದ ಮೇಲೆ ಸಿಗಿಸಿದ ಸಾಧನ ಅದರ ಪಟ್ಟಿಗೆ ತಾನಾಗಿ ಬರದೇ ಇರಬಹುದು. ರೀಸ್ಕ್ಯಾನ್ ಆಡಿಯೋ ಡಿವೈಸಸ್ ಒತ್ತಿ, ಇಲ್ಲವೇ ಮುಚ್ಚಿ ತೆರೆಯಿರಿ. ಹೆಸರು ಇದ್ದೂ ಪರದೆ ಮೇಲೆ ದನಿಯ ಅಲೆ ಏಳದಿದ್ದರೆ ವಿಂಡೋಸ್‌ನ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಮೈಕ್ರೋಫೋನ್‌ಗೆ ಅನುಮತಿ ಇದೆಯಾ ನೋಡಿ. ಶುಕ್ರವಾರ ರಾತ್ರಿ ಪಾಠ ಕಳಿಸಿದೆ.

ಡ್ರೈವರ್ ನಿಜವಾಗಿ ಮುಖ್ಯವಾಗುವುದು ಹಳೆಯ ಇಂಟರ್‌ಫೇಸ್‌ಗಳಲ್ಲಿ. ಯುಎಸ್‌ಬಿಯಲ್ಲಿ ದನಿ ಹೇಗೆ ಸಾಗಬೇಕು ಅಂತ ಹೇಳುವ ಯುಎಸ್‌ಬಿ ಆಡಿಯೋ 2.0 ನಿಯಮ ಬಂದಿದ್ದು 2006ರಲ್ಲಿ. ವಿಂಡೋಸ್ ಅದಕ್ಕೆ ಸ್ವಂತ ಡ್ರೈವರ್ ಕೊಟ್ಟಿದ್ದು 2017ರಲ್ಲಿ, ಅದೂ ವಿಂಡೋಸ್ 10ಕ್ಕೆ. ನಡುವಿನ ವರ್ಷಗಳಲ್ಲಿ ಆ ನಿಯಮದ ಇಂಟರ್‌ಫೇಸ್‌ಗಳು ವಿಂಡೋಸ್‌ನಲ್ಲಿ ತಯಾರಕರ ಡ್ರೈವರ್ ಮೇಲೆ ನಿಂತಿದ್ದವು. ಅವರು ಕೈಬಿಟ್ಟರೆ, ಸರಿಯಾಗಿರುವ ವಸ್ತುವೇ ಕಸಕ್ಕೆ ಹೋಗುತ್ತೆ. ಇದನ್ನು ನೋಡಿದರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತೆ. ಎಷ್ಟೋ ಹಳೆಯ ಇಂಟರ್‌ಫೇಸ್‌ಗಳಿಗೆ, ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಒಳಗೇ ಡ್ರೈವರ್ ಇದೆ. ಪೆನ್‌ಡ್ರೈವ್‌ಗೆ ಉಬುಂಟು ಎಂಬ ಲಿನಕ್ಸ್ ಹಾಕಿ, ಇನ್‌ಸ್ಟಾಲ್ ಮಾಡದೆಯೇ ಬೂಟ್ ಮಾಡಿ ನೋಡಬಹುದು. ನಮ್ಮ ಬೀದಿಯ ಸಂಗೀತದ ಮೇಷ್ಟ್ರ ಇಂಟರ್‌ಫೇಸ್ ಹೀಗೇ ಬದುಕಿತು. "ಇದು ಹೋಯ್ತು ಅಂತ ಮೂಲೆಗೆ ಹಾಕಿದ್ದೆ ಕಣಮ್ಮಾ" ಅಂದರು. ಈಗ ಅವರ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದೆ, ಶಿಷ್ಯರ ಹಾಡು ಅದರಲ್ಲೇ ರೆಕಾರ್ಡ್ ಆಗುತ್ತಿದೆ.