ಕಿಲೋಗೆ ಎಷ್ಟು ಮಿಡಿ?

ಮಿಡಿಸೌತೆಗೆ ನಮ್ಮ ಸಂತೆಗಳಲ್ಲಿ ಗಿರಾಕಿಯಿಲ್ಲ. ರೈತರು ಗರ್ಕಿನ್ ಎನ್ನುವ ಈ ಬೆಳೆ ಕರ್ನಾಟಕಕ್ಕೆ ಬಂದದ್ದು 1990ರ ದಶಕದ ಆರಂಭದಲ್ಲಿ, ರಫ್ತಿಗೆಂದೇ. ಹೊಲದಿಂದ ಕಾರ್ಖಾನೆಗೆ ಹೋಗಿ, ಉಪ್ಪುನೀರಿನ ಡ್ರಮ್ಮಿನಲ್ಲೋ ವಿನೆಗರ್ ತುಂಬಿದ ಬಾಟಲಿಯಲ್ಲೋ ಹಡಗು ಹತ್ತುತ್ತದೆ. 2020-21ರಲ್ಲಿ ಭಾರತದಿಂದ ಹೋದ ಸೌತೆ ಮತ್ತು ಮಿಡಿಸೌತೆ 2.23 ಲಕ್ಷ ಟನ್. ರಫ್ತು ಕಂಪನಿಗಳ ಜೊತೆ ಗುತ್ತಿಗೆ ಮಾಡಿಕೊಂಡು ಬೆಳೆಯುವ ಸಣ್ಣ ರೈತರು ಆಗ ಸುಮಾರು 90 ಸಾವಿರ. ಕೊಳ್ಳುವ ತುದಿಯಲ್ಲಿ ಜನ ಬಹಳ ಕಡಿಮೆ. ಜರ್ಮನಿಯನ್ನೇ ನೋಡಿ: ಎಡೆಕಾ, ರೆವೆ, ಆಲ್ಡಿ ಮತ್ತು ಲಿಡ್ಲ್ ಅಂಗಡಿಗಳ ಒಡೆಯರಾದ ಶ್ವಾರ್ಟ್ಸ್, ಈ ನಾಲ್ಕೇ ಗುಂಪುಗಳು ದಿನಸಿ ವ್ಯಾಪಾರದ ಮುಕ್ಕಾಲಿಗಿಂತ ಹೆಚ್ಚು ಪಾಲು ಹಿಡಿದಿವೆ. ಬಾಟಲಿಯ ಮೇಲೆ ಅಂಗಡಿಯದೇ ಹೆಸರಿದ್ದರೆ ಒಳಗಿನ ಕಾಯಿ ಯಾವ ಕಾರ್ಖಾನೆಯದು ಎಂದು ಗಿರಾಕಿಗೆ ತಿಳಿಯುವುದೇ ಇಲ್ಲ. ಈ ವರ್ಷ ಇವರು, ಮುಂದಿನ ವರ್ಷ ಇನ್ನೂ ಅಗ್ಗಕ್ಕೆ ಕೊಡುವ ಬೇರೊಬ್ಬರು.

ಆ ಒತ್ತಡ ನಮ್ಮ ಹೊಲಕ್ಕೆ ಗ್ರೇಡಿನ ರೂಪದಲ್ಲಿ ಇಳಿಯುತ್ತದೆ. ಗ್ರೇಡು ಎಂದರೆ ಕಿಲೋಗೆ ಎಷ್ಟು ಕಾಯಿ ಎಂಬ ಎಣಿಕೆ. 160ಕ್ಕಿಂತ ಹೆಚ್ಚು ನಿಂತರೆ ಮೇಲಿನ ದರ, 30ರ ಆಸುಪಾಸಿಗೆ ಬಂದರೆ ಕೆಳಗಿನದು. ಮೊದಲನೆಯದರಲ್ಲಿ ಒಂದು ಮಿಡಿಯ ತೂಕ 6 ಗ್ರಾಂ, ಎರಡನೆಯದರಲ್ಲಿ 33 ಗ್ರಾಂ. ದರಪಟ್ಟಿ ನೋಡಿದ ಕೂಡಲೇ ಸಣ್ಣ ಕಾಯಿಗೆ ಆಸೆಪಡುವವರು ಕೂಲಿಯ ಲೆಕ್ಕ ಮರೆಯುತ್ತಾರೆ. ಮೇಲಿನ ಗ್ರೇಡಿನ ಒಂದು ಕಿಲೋಗೆ 160 ಸಲ ಬಳ್ಳಿಗೆ ಕೈಹಾಕಬೇಕು, ಕೆಳಗಿನದಕ್ಕೆ 30 ಸಲ ಸಾಕು.

ಎಕರೆಗೆ ಒಂದು ಬೆಳೆಯಲ್ಲಿ ಸರಾಸರಿ 4 ಟನ್ ಇಳುವರಿ, 80 ಸಾವಿರ ರೂಪಾಯಿ ಹುಟ್ಟುವಳಿ, ಖರ್ಚು ಕಳೆದು 40 ಸಾವಿರ. ಇದು 2022ರ ಜನವರಿಯಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಕೊಟ್ಟ ಲೆಕ್ಕ. ಕಿಲೋಗೆ 20 ರೂಪಾಯಿ ಬಿತ್ತು. ಸರಾಸರಿ 60 ಕಾಯಿಗೆ ಒಂದು ಕಿಲೋ ಎಂದುಕೊಂಡರೂ 4 ಟನ್ನಿಗೆ 2 ಲಕ್ಷ 40 ಸಾವಿರ ಕಾಯಿ ಬಿಡಿಸಬೇಕು. ಮನೆಯ ಹೆಂಗಸರ ದುಡಿಮೆಗೆ ಕೂಲಿ ಹಿಡಿಯದೆ ಹಾಕಿದ ಲಾಭದ ಲೆಕ್ಕವನ್ನು ನಾನು ನಂಬುವುದಿಲ್ಲ.

ಬಿತ್ತಿದ 30-35 ದಿನಕ್ಕೆ ಕೊಯ್ಲು ಶುರು, 90 ದಿನದೊಳಗೆ ಬೆಳೆ ಮುಗಿತಾಯ. ಈ ನಡುವೆ ಒಂದು ದಿನವೂ ಬಿಡುವಿಲ್ಲ. ಇವತ್ತು ಬಿಟ್ಟ ಮಿಡಿ ನಾಳೆ ಕೆಳಗಿನ ಗ್ರೇಡಿಗೆ ಜಾರಿರುತ್ತದೆ. ಮಳೆಗೋ ಹಬ್ಬಕ್ಕೋ ಎರಡು ದಿನ ಆಳು ಬರದಿದ್ದರೆ ತೂಕ ಹೆಚ್ಚುತ್ತದೆ, ದುಡ್ಡು ಇಳಿಯುತ್ತದೆ, ದಪ್ಪಗಾದ ಕಾಯಿ ದನದ ಬಾಯಿಗೆ. ಬಲಿತ ಕಾಯಿ ಬಳ್ಳಿಯಲ್ಲೇ ಉಳಿದರೆ ಹೊಸ ಮಿಡಿ ಕಚ್ಚುವುದೂ ಕಡಿಮೆ, ಹಾಗಾಗಿ ಮಾರಲಾಗದಿದ್ದರೂ ಅದನ್ನು ಕಿತ್ತು ಹಾಕಲೇಬೇಕು.

ಸೊಟ್ಟ ಕಾಯಿಯನ್ನೂ ತೆಗೆದುಹಾಕುತ್ತಾರೆ. ನೀರಿನ ಏರುಪೇರು, ಪೊಟ್ಯಾಷ್ ಕೊರತೆ ಇದಕ್ಕೆ ಕಾರಣ. ಪರಾಗಸ್ಪರ್ಶ ಅರ್ಧಂಬರ್ಧ ಆದರೂ ಹೀಗೇ. ಬೆಳಿಗ್ಗೆ ಜೇನು ಹೂವಿಗೆ ಬರುವ ಹೊತ್ತಿನಲ್ಲಿ ಔಷಧಿ ಹೊಡೆದರೆ ಆ ಪೆಟ್ಟು ಕೆಲವೇ ದಿನಗಳಲ್ಲಿ ಕ್ರೇಟಿನಲ್ಲಿ ಕಾಣುತ್ತದೆ. ಸಂಜೆ ಹೊಡೆಯಿರಿ. ಕಾಯಿಯ ತುದಿಗೆ ಅಂಟಿದ ಒಣ ಹೂವನ್ನು ಉದುರಿಸಿಯೇ ಕಳಿಸಿ, ಅದರಲ್ಲಿರುವ ಕಿಣ್ವ ಉಪ್ಪುನೀರಿನಲ್ಲಿ ಕಾಯನ್ನು ಮೆತ್ತಗೆ ಮಾಡುತ್ತದೆ.

ಎಲ್ಲಕ್ಕಿಂತ ದೊಡ್ಡ ಹೊಡೆತ ಔಷಧಿಯ ಉಳಿಕೆಯದು. ಪ್ರತ್ಯೇಕ ಮಿತಿ ಗೊತ್ತುಮಾಡದ ಔಷಧಿಗೆ ಯುರೋಪಿನ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಡಬ್ಬಿಯ ಮೇಲೆ ‘ಹೊಡೆದ 7 ದಿನ ಕೊಯ್ಯಬಾರದು’ ಎಂದಿದ್ದರೆ ದಿನವೂ ಬಿಡಿಸುವ ಬೆಳೆಗೆ ಅದು ಒಗ್ಗುವುದಿಲ್ಲ: ಆ ಏಳು ದಿನದ ಕಾಯನ್ನು ಚೆಲ್ಲಬೇಕು. ಬೂಜು ರೋಗ ಕಂಡ ಗಾಬರಿಯಲ್ಲಿ ಪಕ್ಕದ ಅಂಗಡಿಯಿಂದ ತಂದು ಹೊಡೆದದ್ದು ಒಬ್ಬ ರೈತನಾದರೂ, ಅವನ ಕಾಯಿ ಬೆರೆತ ಇಡೀ ಡ್ರಮ್ಮು, ಕೆಲವೊಮ್ಮೆ ಇಡೀ ಕಂಟೇನರ್ ತಿರಸ್ಕಾರವಾಗಬಹುದು. ಕಂಪನಿ ಪಟ್ಟಿ ಮಾಡಿ ಕೊಟ್ಟ ಔಷಧಿ ಬಿಟ್ಟು ಬೇರೇನೂ ಮುಟ್ಟಬಾರದು ಎನ್ನುವುದು ಇದಕ್ಕೇ. ಕಂಪನಿ ಸಾಲವಾಗಿ ಕೊಟ್ಟ ಬೀಜ, ಗೊಬ್ಬರ, ಔಷಧಿಯ ಬಾಕಿಯನ್ನು ರೈತನ ಬಿಲ್ಲಿನಲ್ಲಿ ಮುರಿದುಕೊಳ್ಳುವುದು ರೂಢಿ.

ಇನ್ನು ಕಾನೂನು. ಬಲಾಢ್ಯ ಕೊಳ್ಳುಗರು ಪೂರೈಕೆದಾರರನ್ನು ಹಿಂಡಬಾರದೆಂದು ಯುರೋಪಿಯನ್ ಒಕ್ಕೂಟ 2019ರಲ್ಲಿ ನಿರ್ದೇಶನವೊಂದನ್ನು ತಂದಿತು. ಬೇಗ ಕೆಡುವ ಮಾಲಿಗೆ 30 ದಿನ, ಉಳಿದದ್ದಕ್ಕೆ 60 ದಿನದೊಳಗೆ ಹಣ ಕೊಡಬೇಕು, ಕೆಡುವ ಮಾಲಿನ ಆರ್ಡರನ್ನು ಕೊನೆ ಗಳಿಗೆಯಲ್ಲಿ ರದ್ದು ಮಾಡುವಂತಿಲ್ಲ. ಕೊಳ್ಳುಗ ಅಲ್ಲಿದ್ದರೆ ಸಾಕು, ಹೊರದೇಶದ ಪೂರೈಕೆದಾರನಿಗೂ ಇದು ಅನ್ವಯ. ಬೆಂಗಳೂರಿನ ರಫ್ತುದಾರನಿಗೆ ಇದರ ಆಸರೆ ಸಿಗಬಹುದು. ಕುಣಿಗಲ್ಲಿನ ರೈತ ಮಾರುವುದು ಆ ರಫ್ತುದಾರನಿಗೆ, ಇಬ್ಬರೂ ಇಲ್ಲಿಯವರು. ಆದ್ದರಿಂದ ಈ ರಕ್ಷಣೆ ಅವನ ತನಕ ಬರುವುದಿಲ್ಲ. ಇದು ನನಗೆ ತೀರಾ ಅನ್ಯಾಯವಾಗಿ ಕಾಣುತ್ತದೆ. ಟೊಮೆಟೊ ಬೆಳೆದವನಿಗೆ ಒಬ್ಬ ಒಲ್ಲೆ ಎಂದರೆ ಕೋಲಾರದ ಮಂಡಿಯಾದರೂ ಇದೆ, ಗರ್ಕಿನ್ನಿಗೆ ಮಂಡಿಯೇ ಇಲ್ಲ.

ಹಾಗಾಗಿ ಬೀಜ ಕೈಗೆ ತೆಗೆದುಕೊಳ್ಳುವ ಮೊದಲೇ ಒಪ್ಪಂದದಲ್ಲಿ ಇವಿಷ್ಟು ಕನ್ನಡದಲ್ಲಿ ಬರೆದಿರಲಿ: ಪ್ರತಿ ಗ್ರೇಡಿನ ಎಣಿಕೆ ಮತ್ತು ದರ, ಗ್ರೇಡು ಮಾಡುವ ಜಾಗ, ಹಣ ಬರುವ ದಿನ, ಕಂಪನಿಯದೇ ಔಷಧಿ ಹೊಡೆದೂ ಉಳಿಕೆ ಕಂಡರೆ ನಷ್ಟ ಯಾರದು. ಗ್ರೇಡು ಕಾರ್ಖಾನೆಯಲ್ಲಿ ಮಾಡುತ್ತೇವೆ ಎಂದರೆ ಒಪ್ಪಬೇಡಿ. ಸಂಗ್ರಹಣಾ ಕೇಂದ್ರದಲ್ಲೇ ಕಣ್ಣೆದುರು ಒಂದು ಕಿಲೋ ತೂಗಿ ಕಾಯಿ ಎಣಿಸಲಿ, ಆ ಸಂಖ್ಯೆ ಅವತ್ತಿನ ತೂಕದ ಚೀಟಿಯಲ್ಲೇ ಬರಲಿ.