ಹುಬ್ಬಳ್ಳಿಯಿಂದ ಸಾಧನಕೇರಿವರೆಗೆ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ

ಗೈಡ್ ಜೊತೆ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಅವಳಿನಗರ ಸುತ್ತುವವರು ಹುಬ್ಬಳ್ಳಿಯಿಂದಲೇ ಹೊರಡಬೇಕು. ಧಾರವಾಡ ಹುಬ್ಬಳ್ಳಿಗಿಂತ ಸುಮಾರು 80 ಮೀಟರ್ ಎತ್ತರದಲ್ಲಿದೆ. ಏರು ಚಾರ್ಜ್ ತಿಂದುಹಾಕುತ್ತದೆ ಎಂಬ ಭಯ ಬೇಡ, ಅದಕ್ಕೆ ಹೋಗುವುದು ಎರಡು ಕಿಲೋಮೀಟರ್ ಓಟದಷ್ಟು ಮಾತ್ರ. ಕಾರಣ ಬೇರೆ. ಬ್ಯಾಟರಿ ಪೂರ್ತಿ ತುಂಬಿದ್ದಾಗ ರೀಜೆನ್ ಬ್ರೇಕ್ (ವೇಗ ತಗ್ಗಿಸುತ್ತಲೇ ಬ್ಯಾಟರಿಗೆ ಚಾರ್ಜ್ ತುಂಬುವ ಮೋಟರ್ ಬ್ರೇಕ್) ಸರಿಯಾಗಿ ಹಿಡಿಯುವುದಿಲ್ಲ. ಇಳಿಜಾರಿನಲ್ಲಿ ಹೊಸಬರು ಗಾಬರಿಯಾಗುತ್ತಾರೆ. ಬೆಳಿಗ್ಗೆ ಏರಿ, ಸಂಜೆ ಅರ್ಧ ಖಾಲಿಯಾದ ಬ್ಯಾಟರಿಯಲ್ಲಿ ಇಳಿದರೆ ಈ ತಾಪತ್ರಯವಿಲ್ಲ.

ಊರೊಳಗಿನ ಅಡ್ಡಾಟ ಸೇರಿ ಹೋಗಿಬರಲು 55-60 ಕಿ.ಮೀ. ಇಬ್ಬರು ಕೂತರೂ 3 ಯೂನಿಟ್ ಬ್ಯಾಟರಿ ಸಾಕು. 250 ವ್ಯಾಟಿನ, 25 ಕಿ.ಮೀ. ವೇಗದ ಗಾಡಿಗೆ ಲೈಸೆನ್ಸ್ ಬೇಡ ಎಂದು ಅದನ್ನು ಆರಿಸಬೇಡಿ. ಲಾರಿಗಳ ನಡುವೆ ಅದು ತೆವಳುತ್ತದೆ. ಬಾಡಿಗೆ ಗಾಡಿಯ ಹಸಿರು ನಂಬರ್ ಪ್ಲೇಟಿನಲ್ಲಿ ಹಳದಿ ಅಕ್ಷರ ಇರಬೇಕು. ಬಿಳಿ ಅಕ್ಷರವಿದ್ದರೆ ಖಾಸಗಿ ಗಾಡಿ, ಅಪಘಾತವಾದರೆ ವಿಮೆ ಕೈಕೊಡಬಹುದು. ಹಿಂದೆ ಕೂರುವವರಿಗೂ ಹೆಲ್ಮೆಟ್ ಕೇಳಿ ಪಡೆಯಿರಿ.

ಬಿದ್ದು ಮೊಣಕಾಲು ಕೆತ್ತಿಸಿಕೊಳ್ಳುವವರು ಹೆಚ್ಚಾಗಿ ಬೀಳುವುದು ಓಡಿಸುವಾಗಲ್ಲ, ನಿಲ್ಲಿಸುವಾಗ. ಎಂಜಿನ್ ಸದ್ದಿಲ್ಲದ ಕಾರಣ ಗಾಡಿ ಆಫ್ ಆಗಿದೆ ಎಂದುಕೊಂಡು ಹ್ಯಾಂಡಲ್ ಹಿಡಿದು ತಳ್ಳುತ್ತಾರೆ. ಬಲಗೈ ತಿರುಗಿದ್ದೇ ತಡ, ಗಾಡಿ ಹಾರುತ್ತದೆ. ಇಳಿಯುವ ಮೊದಲೇ ಕೀ ಬಂದ್ ಮಾಡಿ. ತಳ್ಳುವಾಗ ಬಲಗೈ ಹಿಂದಿನ ಹಿಡಿಕೆಯ ಮೇಲಿರಲಿ.

ಸಿದ್ಧಾರೂಢ ಮಠದಿಂದ ಏಳಕ್ಕೇ ಹೊರಟರೆ ಉಣಕಲ್ ಕೆರೆ ತಂಪಿನಲ್ಲಿ ಸಿಗುತ್ತದೆ. (ಹುಬ್ಬಳ್ಳಿ ನಿಲ್ದಾಣದ 1507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ನೋಡುವ ಆಸೆಯಿದ್ದರೆ ಅದಕ್ಕೆ ಬೇರೆ ದಿನ ಇಡಿ, ಅಲ್ಲಿ ಕಾಲೇ ಗಾಡಿ.) ಚಂದ್ರಮೌಳೇಶ್ವರ ಗುಡಿ ಉಣಕಲ್ಲಿನ ಮನೆಗಳ ನಡುವೆಯೇ ಇದೆ. ಓಣಿ ಇಕ್ಕಟ್ಟು, ಮಕ್ಕಳಿಗೂ ದನಗಳಿಗೂ ನಿಮ್ಮ ಗಾಡಿ ಬರುವುದು ಕೇಳಿಸುವುದಿಲ್ಲ. ಹೊರಗೇ ನಿಲ್ಲಿಸಿ ನಡೆಯಿರಿ. ನಾಲ್ಕೂ ದಿಕ್ಕಿಗೆ ಬಾಗಿಲಿರುವ ಚಾಲುಕ್ಯರ ಕಾಲದ ಈ ಗುಡಿಗೆ ಅರ್ಧ ತಾಸಾದರೂ ಬೇಕು. ಗೈಡ್ ಹತ್ತು ನಿಮಿಷದಲ್ಲಿ ಎಬ್ಬಿಸಿದರೆ ಒಪ್ಪಬೇಡಿ.

ಮುಂದಿನ ದಾರಿಯ ನಡುವಿನ ಪಟ್ಟಿ ಅವಳಿನಗರದ ನಡುವೆ ಓಡುವ ವೇಗದ ಬಸ್ಸು ಚಿಗರಿಗೆ ಮೀಸಲು. ಎಷ್ಟೇ ಖಾಲಿ ಕಂಡರೂ ಅತ್ತ ಹೋಗಬೇಡಿ. ನಿಲ್ದಾಣಗಳು ರಸ್ತೆಯ ನಡುವೆ ಇರುವುದರಿಂದ ಜನ ಅಡ್ಡ ಬರುತ್ತಲೇ ಇರುತ್ತಾರೆ, ಅಲ್ಲಿ 30ಕ್ಕಿಳಿಸಿ. ನಾಲ್ಕೈದು ಗಾಡಿಗಳ ತಂಡ ಸಿಗ್ನಲ್ಲಿನಲ್ಲಿ ಚದುರಿಹೋಗುವುದು ಖಚಿತ. ಮುಂದಿನ ಸೇರುವ ಜಾಗ ಯಾವುದೆಂದು ಪ್ರತಿ ನಿಲುಗಡೆಯಲ್ಲೂ ಹೇಳಿಸಿಕೊಳ್ಳಿ. ನವಲೂರು ಒಳ್ಳೆಯ ಜಾಗ, ಪೇರಲ ಕಾಲವಾದರೆ ಇನ್ನೂ ಒಳ್ಳೆಯದು.

ಧಾರವಾಡದಲ್ಲಿ ಕರ್ನಾಟಕ ಕಾಲೇಜು, 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘ, ಆಮೇಲೆ ಬೇಂದ್ರೆಯವರ ಸಾಧನಕೇರಿ. ಶಾಲ್ಮಲೆ ಹುಟ್ಟುವ ಸೋಮೇಶ್ವರಕ್ಕೆ ಮಳೆಗಾಲದಲ್ಲಿ ಹೋದರೆ ಡಾಂಬರು ಬಿಟ್ಟು ಇಳಿಯಬೇಡಿ. ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿ ಚಕ್ರವನ್ನೇ ಹಿಡಿದುಬಿಡುತ್ತದೆ.

ಮಧ್ಯಾಹ್ನ ಮೀಟರಿನಲ್ಲಿ ಶೇ. 50ಕ್ಕಿಂತ ಕಡಿಮೆ ಇದ್ದರೆ ಊಟದ ಹೊತ್ತಿಗೆ ಚಾರ್ಜಿಗೆ ಹಾಕಿ. 750 ವ್ಯಾಟಿನ ಚಾರ್ಜರ್ ತಾಸಿಗೆ ಶೇ. 20ರಷ್ಟು ತುಂಬುತ್ತದೆ. ಅದರ ದಪ್ಪ ಪ್ಲಗ್ ಸಣ್ಣ ಸಾಕೆಟ್ಟಿಗೆ ಕೂರುವುದಿಲ್ಲ, ಖಾನಾವಳಿಯಲ್ಲಿ ಕೂರುವ ಮೊದಲೇ ಕೇಳಿ. ಲೈನ್ ಬಜಾರಿನ ಪೇಢೆ ಕೊಂಡರೆ ಕೈಚೀಲದಲ್ಲಿಡಿ. ಸೀಟಿನಡಿಯ ಡಿಕ್ಕಿ ಬ್ಯಾಟರಿಯ ಶಾಖಕ್ಕೆ ಬಿಸಿಯಾಗಿರುತ್ತದೆ.