ಅಜ್ಜನ ಕೋವಿಗೆ ಹೊಸ ಬಣ್ಣ ಬೇಕಾ?

ನಮ್ಮ ಮನೆಯ ಜೋಡುನಳಿಗೆ ಕೋವಿ ನೋಡಲು ಏನೂ ಚೆನ್ನಾಗಿರಲಿಲ್ಲ. ನಳಿಗೆಗೆ ಯಾರೋ ಕಪ್ಪು ಪೇಂಟು ಬಳಿದಿದ್ದರು. ಅದೂ ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಮರದ ಹಿಡಿ ಎಣ್ಣೆ ಕುಡಿದು ಮಸಿಯಾಗಿತ್ತು. ಕೊಡಗಿನ ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಬರುತ್ತದೆ, ಇನ್ನು ಕಬ್ಬಿಣದ ಗತಿ ಕೇಳಬೇಕಾ?

ಕೋವಿ, ಆಯುಧಗಳಿಗೆ ಪೂಜೆ ಮಾಡುವ ನಮ್ಮ ಕೈಲ್ ಮುಹೂರ್ತ ಹಬ್ಬ ಹತ್ತಿರ ಬಂದಾಗ ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಫೋನ್ ಮಾಡಿದ. "ಅಣ್ಣಾ, ಈ ಸಲ ಅಜ್ಜನ ಕೋವಿಗೆ ಪೂರ್ತಿ ಪಾಲಿಶ್ ಮಾಡಿಸೋಣ. ಖರ್ಚು ನಂದು. ಪೂಜೆಗೆ ಇಟ್ಟಾಗ ಫಳಫಳ ಹೊಳೀಬೇಕು" ಅಂದ. ನನಗೂ ಆಸೆಯಾಯಿತು. ಸೆಪ್ಟೆಂಬರ್ ಮೊದಲ ವಾರ ಗಂಧ ಹಚ್ಚಿ, ಕೋವಿ ಹೂ ಸಿಕ್ಕಿಸಿ ಇಡುವಾಗ ಪ್ರತಿ ವರ್ಷ ಆ ಎದ್ದ ಪೇಂಟು ಕಣ್ಣಿಗೆ ಚುಚ್ಚುತ್ತಿತ್ತು.

ಚಿಕ್ಕಪ್ಪ ಮಾತ್ರ ಒಪ್ಪಲಿಲ್ಲ. "ಆ ಪೇಂಟು ಅಪ್ಪನೇ ಹೊಡೆದದ್ದು. ಜೀಪಿಗೆ ಹೊಡೆದು ಉಳಿದಿತ್ತು. ಅದನ್ನ ಯಾಕೆ ತೆಗೀಬೇಕು?" ಅಂದರು. ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂಲ ಬಣ್ಣ ಹಳೆಯದಾದರೆ ಅದು ಪರಂಪರೆ, ಅಜ್ಜ ಬಳಿದ ಬಣ್ಣ ಹಳೆಯದಾದರೆ ಕೊಳಕು! ಅಂತ ಯಾರು ಹೇಳಿದರು?

ಕೊನೆಗೆ ಲೈಸೆನ್ಸ್ ಇರುವ ಕೋವಿ ಅಂಗಡಿಗೆ ಒಯ್ದೆ. ಕೊಡವರಿಗೂ ನಮ್ಮಂಥ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ವಿನಾಯಿತಿ ಇದೆ ಅನ್ನುವ ಕಾರಣಕ್ಕೆ ಪರಿಚಯದ ವೆಲ್ಡಿಂಗ್ ಶಾಪಿನವನ ಕೈಗೆ ಕೋವಿ ಕೊಡುವಂತಿಲ್ಲ.

ಅಂಗಡಿಯ ಹಿರಿಯರು ಕೋವಿ ಖಾಲಿ ಇದೆಯಾ ಅಂತ ನೋಡಿ, ಮೊದಲು ನಳಿಗೆಯ ಕೆಳಗಿನ ಮರದ ತುಂಡನ್ನು ಕಳಚಿದರು. ಅಜ್ಜ ಅದನ್ನು ಬಿಚ್ಚದೆ ಪೇಂಟು ಹೊಡೆದಿದ್ದರು ಅಂತ ಕಾಣುತ್ತದೆ. ಅದರಡಿ ಪೇಂಟು ಹೋಗಿರಲಿಲ್ಲ. ಅಲ್ಲಿ ಕಂದು ಬಣ್ಣ, ಆ ಕಂದಿನಲ್ಲಿ ಹೊಳೆದಂಡೆಯ ಮರಳಿನ ಮೇಲೆ ನೀರು ಬಿಟ್ಟುಹೋದಂಥ ಸುರುಳಿ ಗೆರೆಗಳು. "ಡಮಾಸ್ಕಸ್ ನಳಿಗೆ ಇದು" ಅಂದರು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿ ಮಾಡಿ, ಸರಳಿಗೆ ಸುತ್ತಿ, ಕಾಯಿಸಿ ಬಡಿದು ಬೆಸೆದ ನಳಿಗೆ. ನಮ್ಮ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ನಳಿಗೆಯ ಬುಡವನ್ನು ತಿರುಗಿಸಿ ಭೂತಗನ್ನಡಿ ಕೊಟ್ಟರು. ಕಿರೀಟ, ಅಡ್ಡಡ್ಡ ಇಟ್ಟ ರಾಜದಂಡಗಳು: ಬರ್ಮಿಂಗ್‌ಹ್ಯಾಮ್‌ನ ಕೋವಿ ಪರೀಕ್ಷಾಲಯದ ಮುದ್ರೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ನಾಟ್ ಫಾರ್ ಬಾಲ್'. ನಳಿಗೆಯ ಬಾಯಿ ಕಿರಿದು, ಅದಕ್ಕೇ ಚರೆ ಮಾತ್ರ ಹಾಕಿ, ಇಡೀ ಗುಂಡು ಬೇಡ ಅನ್ನುವ ಎಚ್ಚರಿಕೆ. ಈ ಮುದ್ರೆ ಒತ್ತುತ್ತಿದ್ದದ್ದು 1875ರಿಂದ 1887ರವರೆಗೆ ಮಾತ್ರ. ಹೊರಟುಹೋದ ಯಾವುದೋ ಇಂಗ್ಲಿಷ್ ಪ್ಲಾಂಟರ್‌ನಿಂದ ಕೊಂಡದ್ದು ಅಂತ ಮನೆಯಲ್ಲಿ ಹೇಳುತ್ತಿದ್ದರು. ಅದಕ್ಕೆ ಇಷ್ಟು ವಯಸ್ಸಾಗಿದೆ ಅಂತ ಯಾರೂ ಅಂದುಕೊಂಡಿರಲಿಲ್ಲ. (ಇದೇ ಕೋವಿಗೆ ಗುಂಡು ತುಂಬಿ ಹಂದಿ ಹೊಡೆದ ಕಥೆಗಳನ್ನು ಅಜ್ಜ ಹೇಳುತ್ತಿದ್ದರು. ನಳಿಗೆ ಸಿಡಿಯದೆ ಇದ್ದದ್ದು ನಮ್ಮ ಪುಣ್ಯ.)

ಇಷ್ಟಾದ ಮೇಲೂ ನಾನು ಕೇಳಿದೆ, "ಹೊಸ ಕೋವಿಗೆ ಇರುತ್ತಲ್ಲ, ಆ ನೀಲಿಗಪ್ಪು ಬಣ್ಣ, ಅದನ್ನ ಮಾಡಿಕೊಡ್ತೀರಾ?"

ಅವರು ತಲೆ ಅಲ್ಲಾಡಿಸಿದರು. ಆ ಬಣ್ಣಕ್ಕೆ ನಳಿಗೆಯನ್ನು ಕುದಿಯುವ ಕ್ಷಾರದ ದ್ರಾವಣದಲ್ಲಿ ಮುಳುಗಿಸಬೇಕು. ಹಳೇ ಜೋಡುನಳಿಗೆಯ ನಡುವಿನ ಪಟ್ಟಿಯನ್ನು ಕೂರಿಸಿರುವುದು ಸೀಸ-ತವರದ ಬೆಸುಗೆಯಲ್ಲಿ. ಕ್ಷಾರ ಆ ಬೆಸುಗೆಯನ್ನೇ ತಿಂದುಬಿಡುತ್ತದೆ. ಪಟ್ಟಿ ಕಿತ್ತು ಬರುತ್ತದೆ, ಒಳಗೆ ಉಳಿದ ದ್ರಾವಣ ವರ್ಷಗಟ್ಟಲೆ ತುಕ್ಕು ಹಿಡಿಸುತ್ತದೆ. ಡಮಾಸ್ಕಸ್‌ಗೆ ಸರಿಯಾದದ್ದು ಹಳೇ ಪದ್ಧತಿ. ಬೇಕಂತಲೇ ನಿಧಾನ ತುಕ್ಕು ಬರಿಸಿ, ಉಜ್ಜಿ, ಮತ್ತೆ ಬರಿಸಿ, ಕಂದು ಬಣ್ಣ ಕಟ್ಟಬೇಕು. "ಮಾಡಬಹುದು. ಆದರೆ ಅದಕ್ಕೆ ಮೊದಲು ನಳಿಗೆಯನ್ನ ಪೂರ್ತಿ ಉಜ್ಜಿ ನಯ ಮಾಡಬೇಕಲ್ವಾ? ಮುದ್ರೆ ಸವೆಯುತ್ತೆ, ಕೆತ್ತನೆ ಮಾಸುತ್ತೆ. ನಂಬರ್ ಹೋದರೆ ನೀವು ಸ್ಟೇಷನ್ ಸುತ್ತಬೇಕಾಗುತ್ತೆ" ಅಂದರು.

ಅದು ಸುಮ್ನೆ ಹೆದರಿಸುವ ಮಾತಲ್ಲ. ಕೋವಿಯ ಮೇಲಿನ ನಂಬರ್, ಗುರುತು ಅಳಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ನಿಷೇಧಿಸಿದೆ.

ನನ್ನ ಗೊಂದಲ ಅಲ್ಲೇ ತಿಳಿಯಾಯಿತು. ಚೆಂದ ಕಾಣುತ್ತಾ ಇಲ್ಲವಾ ಅನ್ನುವುದನ್ನು ಆಮೇಲೆ ನೋಡಬಹುದು. ಯಾವುದು ಕೋವಿಯನ್ನು ಹಾಳು ಮಾಡುತ್ತಿದೆ, ಅದು ಮೊದಲು ಹೋಗಲಿ. ಪೇಂಟಿನ ಗುಳ್ಳೆಯಡಿ ನೀರಿನಂಶ ಕೂತು ತುಕ್ಕು ಹರಡುತ್ತಿತ್ತು. ಹಾಗಾಗಿ ಪೇಂಟು ಹೋಗಬೇಕು, ಅಜ್ಜನದ್ದಾದರೂ. ಮೂಲದ ಕಂದು ಬಣ್ಣ ಸವೆದಿದೆ, ಆದರೆ ಅದರಿಂದ ಯಾವ ಕೆಡುಕೂ ಇಲ್ಲ. ಅದು ಹಾಗೇ ಇರಲಿ. ಚಿಕ್ಕಪ್ಪನಿಗೆ ಫೋನಿನಲ್ಲಿ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತುಕ್ಕು ಹಿಡೀತಿದ್ರೆ ತೆಗೀರಿ ಮತ್ತೆ, ಅಪ್ಪ ಇದ್ದಿದ್ರೂ ತೆಗೀತಿದ್ರು" ಅಂದರು.

ಪೇಂಟನ್ನು ರಿಮೂವರ್ ಹಚ್ಚಿ ಬಟ್ಟೆಯಲ್ಲೇ ಒರೆಸಿ ತೆಗೆದರು, ಮರಳು ಕಾಗದ ಮುಟ್ಟಿಸಲಿಲ್ಲ. ತುಕ್ಕಿಗೆ ಎಣ್ಣೆ ನೆನೆಸಿ, ಅತಿ ನುಣುಪಾದ ಉಕ್ಕಿನ ನಾರಿನಿಂದ ಮೆಲ್ಲಗೆ ಉಜ್ಜಿದರು. ಅಕ್ರೋಟ್ ಮರದ ಹಿಡಿಗೆ ವಾರ್ನಿಷ್ ಬೇಡ ಅಂದೆವು. ಹೀರಿದ್ದ ಹಳೇ ಎಣ್ಣೆಯನ್ನು ಆದಷ್ಟು ಹೊರಗೆಳೆದು, ಅಗಸೆ ಎಣ್ಣೆ ತೆಳುವಾಗಿ ತಿಕ್ಕಿದ್ದು ಅಷ್ಟೆ. ಕೋವಿಯನ್ನು ನೆಟ್ಟಗೆ ನಿಲ್ಲಿಸುವುದರಿಂದಲೇ ನಳಿಗೆಯ ಎಣ್ಣೆ ಇಳಿದು ಮರ ಮೆತ್ತಗಾಗುತ್ತದಂತೆ. ಬಾಯಿ ಕೆಳಗೆ ಮಾಡಿ ಇಡಿ ಅಂದರು.

ಹಬ್ಬಕ್ಕೆ ಬಂದ ತಮ್ಮನಿಗೆ ಸ್ವಲ್ಪ ನಿರಾಸೆಯಾಯಿತು. ನಳಿಗೆ ಬೂದು ಬೂದಾಗಿತ್ತು, ಫಳಫಳ ಏನೂ ಇರಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ಸುರುಳಿ ಗೆರೆ ಕಾಣುತ್ತಿತ್ತು. ಆ ಕೋವಿಯಲ್ಲಿ ಹಬ್ಬದ ಪಂದ್ಯದ ತೆಂಗಿನಕಾಯಿಗೆ ಗುರಿ ಇಡುವುದಕ್ಕೂ ನಾನು ಬಿಡಲಿಲ್ಲ. ಕರಿಮದ್ದಿನ ಕಾಲದ ಕೋವಿ ಅದು, ಈಗಿನ ತೋಟಾ ಹಾಕುವ ಧೈರ್ಯ ನನಗಿಲ್ಲ. ಚಿಕ್ಕಪ್ಪನ ಹೊಸ ಜೋಡುನಳಿಗೆ ಡಿಬಿಬಿಎಲ್‌ನಲ್ಲಿ ಹೊಡೆದು, ಗುರಿ ತಪ್ಪಿ, ತಪ್ಪನ್ನು ಗಾಳಿಯ ಮೇಲೆ ಹಾಕಿದ.

ಅವನು ಪಾಲಿಶ್‌ಗೆ ಅಂತ ಎತ್ತಿಟ್ಟ ದುಡ್ಡು ಅರ್ಧಕ್ಕರ್ಧ ಉಳಿದಿತ್ತು. ಅದರಲ್ಲಿ ಬೀಗ ಇರುವ ಒಂದು ಉಕ್ಕಿನ ಕಪಾಟು ಮಾಡಿಸಿದೆವು, ಒಳಗೆ ತೇವ ಹೀರುವ ಸಿಲಿಕಾ ಪೊಟ್ಟಣ ಇಟ್ಟು. ಕಪಾಟಿಗೆ ಯಾವ ಬಣ್ಣ ಅನ್ನುವುದನ್ನು ಅವನಿಗೇ ಬಿಟ್ಟೆ. ಫಳಫಳ ಕೆಂಪು ಹೊಡೆಸಿದ್ದಾನೆ.